ಮೊಟ್ಟೆ ಇಡಲು ಹೊರಟ ಮೀನಿಗೆ 44 ದಿನ: ಟೆಕ್ಸಾಸ್‌ನ ಫ್ಲೌಂಡರ್ ಪ್ರಕರಣ, ಗೋವಾದ ನಂಗು

2020ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಒಂದೇ ಒಂದು ಚಪ್ಪಟೆ ಮೀನಿನ ಸಲುವಾಗಿ ತನ್ನ ಮೀನುಗಾರಿಕೆ ನಿಯಮ ಬದಲಾಯಿಸಿತು. ಮೀನಿನ ಹೆಸರು ಸದರ್ನ್ ಫ್ಲೌಂಡರ್. ಇಟ್ಟುಕೊಳ್ಳಬಹುದಾದ ಮೀನಿನ ಕನಿಷ್ಠ ಉದ್ದ 14 ಇಂಚಿನಿಂದ 15 ಇಂಚಿಗೆ ಏರಿತು. ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ, ಅಂದರೆ 44 ದಿನ, ಈ ಮೀನನ್ನು ಯಾರೂ ಹಿಡಿದು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಉದ್ದದ ನಿಯಮ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. 44 ದಿನದ ನಿಷೇಧವನ್ನು ಒಂದು ವರ್ಷ ತಡವಾಗಿ, 2021ರಿಂದ ಶುರು ಮಾಡಿದರು.

ಎಲ್ಲಿಯ ಟೆಕ್ಸಾಸ್, ಎಲ್ಲಿಯ ಗೋವಾ ಅನ್ನಿಸಬಹುದು. ನಾನು ಈ ಪ್ರಕರಣ ಬರೆಯುತ್ತಿರುವುದು ವಾಸ್ಕೋದ ಖಾರಿವಾಡ, ಮಾಲಿಂ, ಕುಟ್ಬಣ ಜೆಟ್ಟಿಗಳಲ್ಲಿ ದುಡಿಯುವ ನಮ್ಮ ಕನ್ನಡದವರಿಗಾಗಿ. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಬಂದು ಟ್ರಾಲರ್ ಏರಿದವರು ಇಲ್ಲಿದ್ದಾರೆ. ಬೈನಾ, ಝುವಾರಿನಗರದಲ್ಲಿ ನೆಲೆಸಿ ಸಂಜೆ ಮೀನು ಮಾರ್ಕೆಟ್‌ಗೆ ಹೋಗುವ ಗದಗ, ಹಾವೇರಿ, ವಿಜಯಪುರದವರೂ ಇದ್ದಾರೆ. ಮಳೆಗಾಲ ಕಳೆದು ನಂಗು ಬರಲು ಶುರುವಾದಾಗ ನಮ್ಮ ಮಾತಿನಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತದೆ: ಇಷ್ಟು ಸಣ್ಣದನ್ನು ಯಾಕೆ ಹಿಡಿಯಬೇಕು, ಇದನ್ನು ತಡೆಯುವ ನಿಯಮ ಇಲ್ವಾ? ಗೋವಾದವರು ಲೆಪೊ ಅನ್ನುವುದು, ನಾವು ನಂಗು ಅನ್ನುವುದು ಚಪ್ಪಟೆ ಮೀನೇ. ಟೆಕ್ಸಾಸ್‌ನ ಫ್ಲೌಂಡರ್ ಇದರ ದೂರದ ನೆಂಟ. ಅಲ್ಲಿ ನಿಯಮ ಹೇಗೆ ಬದಲಾಯಿತು, ಯಾವುದು ಸಾಕಾಗಲಿಲ್ಲ, ಯಾವುದನ್ನು ಮತ್ತೆ ತಿದ್ದಿದರು ಎಂದು ನೋಡಿದರೆ ನಮ್ಮ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಗೊತ್ತಾಗುತ್ತದೆ.

ಮೀನು ಎಂಥದ್ದು

ಮೊಟ್ಟೆಯಿಂದ ಹೊರಬಂದಾಗ ಫ್ಲೌಂಡರ್ ಮರಿ ಬೇರೆ ಮೀನಿನ ಮರಿಯಂತೆಯೇ ಇರುತ್ತದೆ. ನೆಟ್ಟಗೆ ಈಜುತ್ತದೆ, ಎರಡೂ ಬದಿಗೆ ಒಂದೊಂದು ಕಣ್ಣು. ಕೆಲವು ವಾರಗಳಲ್ಲಿ ಬಲಗಣ್ಣು ನಿಧಾನಕ್ಕೆ ತಲೆಯ ಮೇಲಿನಿಂದ ಎಡಬದಿಗೆ ಸರಿಯುತ್ತದೆ. ಆಮೇಲೆ ಮೀನು ಬಲಬದಿಯನ್ನು ಕೆಳಗೆ ಮಾಡಿ ತಳದಲ್ಲಿ ಮಲಗಿಬಿಡುತ್ತದೆ. ಮೇಲಿನ ಬದಿ ಕಂದು ಬಣ್ಣ, ಕೆಳಗಿನ ಬದಿ ಬಿಳಿ. ನಮ್ಮ ನಂಗಿನ ಕಣ್ಣುಗಳೂ ಎಡಬದಿಯಲ್ಲೇ ಇರುತ್ತವೆ. ಮಾರ್ಕೆಟ್‌ನಲ್ಲಿ ಮೀನು ಮಾರುವ ಹೆಂಗಸು ನಂಗಿನ ತಲೆಯ ಹತ್ತಿರ ಚಾಕುವಿನಿಂದ ಸಣ್ಣ ಗಾಯ ಮಾಡಿ, ಬೆರಳಿಗೆ ಉಪ್ಪು ಹಚ್ಚಿಕೊಂಡು, ಚರ್ಮವನ್ನು ಒಂದೇ ಎಳೆತಕ್ಕೆ ಬಾಲದ ತನಕ ಸುಲಿಯುತ್ತಾಳಲ್ಲ, ಆಗ ಗಮನಿಸಿ. ಸಾಸಿವೆಯಷ್ಟಿರುವ ಎರಡು ಕಣ್ಣುಗಳು ಒಂದರ ಪಕ್ಕ ಒಂದು ಕೂತಿರುತ್ತವೆ.

ಟೆಕ್ಸಾಸ್‌ನ ಕರಾವಳಿಯುದ್ದಕ್ಕೂ ಮರಳಿನ ಉದ್ದನೆಯ ನಡುಗಡ್ಡೆಗಳಿವೆ. ಅವುಗಳ ಒಳಗೆ ಆಳವಿಲ್ಲದ ಕೊಲ್ಲಿಗಳು. ಕೊಲ್ಲಿಯಿಂದ ಮೆಕ್ಸಿಕೋ ಖಾರಿಗೆ ಹೋಗಲು ಅಲ್ಲೊಂದು ಇಲ್ಲೊಂದು ಕಿರಿದಾದ ಅಳಿವೆ. ಫ್ಲೌಂಡರ್ ವರ್ಷದ ಹೆಚ್ಚು ಕಾಲ ಕೊಲ್ಲಿಯ ಕೆಸರಿನಲ್ಲಿ ಅಡಗಿ ಸಣ್ಣ ಮೀನು, ಸಿಗಡಿ ತಿಂದುಕೊಂಡಿರುತ್ತದೆ. ಚಳಿ ಶುರುವಾಗುವ ಹೊತ್ತಿಗೆ, ಉತ್ತರದಿಂದ ತಣ್ಣನೆಯ ಗಾಳಿ ಬೀಸಿ ನೀರು ತಣ್ಣಗಾಗುತ್ತಿದ್ದಂತೆ, ಬೆಳೆದ ಮೀನುಗಳು ಗುಂಪುಗುಂಪಾಗಿ ಅಳಿವೆಯ ದಾರಿ ಹಿಡಿದು ಹೊರಗಿನ ಸಮುದ್ರಕ್ಕೆ ಹೊರಡುತ್ತವೆ. ಮೊಟ್ಟೆ ಇಡುವುದು ಅಲ್ಲಿ. ಚಳಿಗಾಲದಲ್ಲಿ ಮರಿಗಳು ಪ್ರವಾಹದ ಜೊತೆ ಅದೇ ಅಳಿವೆಗಳಿಂದ ಒಳಗೆ ಬಂದು ಕೊಲ್ಲಿಯ ಹುಲ್ಲು, ಜೌಗಿನಲ್ಲಿ ಬೆಳೆಯುತ್ತವೆ.

ಈ ಪ್ರಕರಣದ ಗಂಟು ಇರುವುದು ಇಲ್ಲೇ. ಕೊಲ್ಲಿಯ ತುಂಬ ಹರಡಿಕೊಂಡಿದ್ದ ಮೀನು ವರ್ಷದಲ್ಲಿ ಒಂದು ಸಲ, ಕೆಲವೇ ವಾರ, ಕೆಲವೇ ಕಿರಿದಾದ ಜಾಗಗಳಲ್ಲಿ ಒತ್ತಾಗಿ ಸೇರುತ್ತದೆ. ಅದೂ ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಳ್ಳುವ ಹೊತ್ತಿನಲ್ಲಿ. ಹಿಡಿಯುವವರಿಗೂ ಇದು ಚೆನ್ನಾಗಿ ಗೊತ್ತು. 2021ರ ನಿಷೇಧಕ್ಕೆ ಮುಂಚೆ ನವೆಂಬರ್ ಬಂತೆಂದರೆ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಸುತ್ತಮುತ್ತಲಿನ ಅಳಿವೆಗಳ ಬಾಯಲ್ಲಿ ಗಾಳ ಹಿಡಿದವರ ಸಾಲು ಇರುತ್ತಿತ್ತು. ರಾತ್ರಿ ಹೊತ್ತು ದೀಪ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಡೆದು, ತಳದಲ್ಲಿ ಮಲಗಿದ ಮೀನಿನ ಆಕಾರ ಕಂಡ ಕೂಡಲೇ ಈಟಿಯಿಂದ ಚುಚ್ಚುವವರೂ ಇದ್ದಾರೆ. ಅಲ್ಲಿ ಫ್ಲೌಂಡರ್ ಹಿಡಿಯುವ ಹಳೆಯ ಪದ್ಧತಿ ಅದು. ಮಾರುವುದಕ್ಕಾಗಿ ಹಿಡಿಯುವವರೂ ಹೆಚ್ಚಾಗಿ ಈಟಿಯನ್ನೇ ಬಳಸುತ್ತಾರೆ.

ಮೊದಲು ಮಾಡಿದ್ದು, ಸಾಕಾಗದೇ ಹೋದದ್ದು

ಟೆಕ್ಸಾಸ್‌ನಲ್ಲಿ ಮೀನು ಮತ್ತು ಬೇಟೆಯ ನಿಯಮ ಮಾಡುವುದು ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಕಮಿಷನ್. ಅದರ 9 ಸದಸ್ಯರನ್ನು ರಾಜ್ಯಪಾಲರು ನೇಮಿಸುತ್ತಾರೆ. ಇಲಾಖೆಯ ವಿಜ್ಞಾನಿಗಳು ಪ್ರಸ್ತಾವ ತರುತ್ತಾರೆ, ಅದು ಸರ್ಕಾರಿ ಪ್ರಕಟಣೆಯಲ್ಲಿ ಅಚ್ಚಾಗುತ್ತದೆ, ಜನರ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಮತ. ಪ್ರತಿ ಬದಲಾವಣೆಗೂ ಶಾಸನಸಭೆಗೆ ಹೋಗಬೇಕಾಗಿಲ್ಲ. ಖಾರಿಯ ಕಡೆ ದಡದಿಂದ 9 ನಾಟಿಕಲ್ ಮೈಲಿವರೆಗೆ ರಾಜ್ಯದ ನೀರು.

ಇದಕ್ಕಿಂತ ಮುಖ್ಯವಾದದ್ದು ಇಲಾಖೆಯ ಹತ್ತಿರ ಇರುವ ಲೆಕ್ಕ. 1970ರ ದಶಕದಿಂದ ಅವರು ಪ್ರತಿ ವರ್ಷ ವಸಂತದಲ್ಲಿ, ಶರತ್ತಿನಲ್ಲಿ ಎಲ್ಲ ದೊಡ್ಡ ಕೊಲ್ಲಿಗಳಲ್ಲೂ ಒಂದೇ ರೀತಿಯ, 600 ಅಡಿ ಉದ್ದದ ಬೀಡುಬಲೆ ಹಾಕಿ ಬಿದ್ದ ಮೀನು ಎಣಿಸುತ್ತಾ ಬಂದಿದ್ದಾರೆ. ಬಲೆ ಹಾಕುವ ಜಾಗವನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಮೀನು ಜಾಸ್ತಿ ಸಿಗುವ ಜಾಗ ಹುಡುಕಿಕೊಂಡು ಹೋಗುವುದಿಲ್ಲ. ಹಾಗಾಗಿ ಒಂದು ವರ್ಷ ಫ್ಲೌಂಡರ್ ಕಡಿಮೆಯಾದರೆ ಅದು ಯಾರದೋ ಅದೃಷ್ಟ ಕೆಟ್ಟದ್ದರ ಕಥೆಯಾಗಿ ಉಳಿಯುವುದಿಲ್ಲ. ದಶಕಗಳ ಈ ಲೆಕ್ಕದಲ್ಲಿ ಫ್ಲೌಂಡರ್ ಗೆರೆ ಇಳಿಯುತ್ತಲೇ ಬಂತು. ಸಿಗಡಿ ಬಲೆಯಲ್ಲಿ ಸಾಯುವ ಮರಿಗಳ ಚಿಂತೆಯೂ ಇತ್ತು. 1995ರ ಕಾನೂನಿನ ನಂತರ ಕೊಲ್ಲಿಯ ಒಳಗಿನ ಸಿಗಡಿ ದೋಣಿಗಳ ಲೈಸೆನ್ಸ್‌ಗಳನ್ನು ರಾಜ್ಯವೇ ದುಡ್ಡು ಕೊಟ್ಟು ವಾಪಸ್ ಕೊಂಡುಕೊಂಡು ಬಲೆಗಳ ಸಂಖ್ಯೆ ಇಳಿಸಿತು. ಮೀನುಗಾರನನ್ನು ಸುಮ್ನೆ ದಂಡೆಗೆ ತಳ್ಳದೆ, ಹೊರಡುವವನ ಕೈಗೆ ಹಣ ಕೊಟ್ಟು ಕಳಿಸಿದ ಈ ಕ್ರಮ ನನಗೆ ತುಂಬಾ ಸರಿ ಅನ್ನಿಸುತ್ತದೆ.

ಫ್ಲೌಂಡರ್‌ಗೆ ದೊಡ್ಡ ನಿಯಮ ಬಂದದ್ದು 2009ರಲ್ಲಿ. ಅದಕ್ಕೆ ಮುಂಚೆ ಹವ್ಯಾಸಕ್ಕೆ ಹಿಡಿಯುವವರು ದಿನಕ್ಕೆ 10 ಮೀನು ಇಟ್ಟುಕೊಳ್ಳಬಹುದಿತ್ತು. ಅದನ್ನು 5ಕ್ಕೆ ಇಳಿಸಿದರು. ಮಾರುವವರ ಮಿತಿ ದಿನಕ್ಕೆ 30 ಆಯಿತು. ನವೆಂಬರ್ ಒಂದು ತಿಂಗಳು ಎಲ್ಲರಿಗೂ ದಿನಕ್ಕೆ 2 ಮಾತ್ರ, ಅದೂ ಗಾಳದಿಂದ ಮಾತ್ರ. ಈಟಿ ಆ ತಿಂಗಳು ಬಂದ್. ನಂತರ ಒಂದೆರಡು ವರ್ಷ ಬಲೆಯ ಲೆಕ್ಕ ಸ್ವಲ್ಪ ಮೇಲೆದ್ದಿತು, ಆಮೇಲೆ ಮತ್ತೆ ಇಳಿಯಿತು. ಚಳಿ ತಡವಾಗಿ ಬಂದ ವರ್ಷಗಳಲ್ಲಿ ಮೀನು ಡಿಸೆಂಬರ್‌ನಲ್ಲೂ ಹೊರಡುತ್ತಲೇ ಇರುತ್ತದೆ. ಹಾಗಾಗಿ 2014ರಲ್ಲಿ ದಿನಕ್ಕೆ 2ರ ಮಿತಿಯನ್ನು ಡಿಸೆಂಬರ್‌ನ ಮೊದಲ ಎರಡು ವಾರಕ್ಕೂ ಚಾಚಿದರು. ಅದೂ ಸಾಕಾಗಲಿಲ್ಲ.

ಯಾಕೆ ಸಾಕಾಗಲಿಲ್ಲ? ದಿನಕ್ಕೆ 2 ಎಂದರೆ ಕಾಗದದ ಮೇಲೆ ಕಡಿಮೆ. ಆದರೆ ಅಳಿವೆಯ ಬಾಯಲ್ಲಿ ದಿನವೂ ನೂರಾರು ಜನ ನಿಂತರೆ? ಮಿತಿ ಇದ್ದದ್ದು ಒಬ್ಬ ಮನುಷ್ಯನಿಗೆ, ಎಷ್ಟು ಮನುಷ್ಯರು ಅನ್ನುವುದಕ್ಕೆ ಅಲ್ಲ. ಹಿಡಿಯುವ ಜನ ಹೆಚ್ಚಾದ ಹಾಗೆ ನಿಯಮದ ಬಲ ತಾನಾಗಿಯೇ ಕರಗುತ್ತದೆ. ನಮ್ಮಲ್ಲಿ ಪ್ರತಿ ಟ್ರಾಲರ್‌ಗೆ ಇಂತಿಷ್ಟು ಎಂದು ಮಿತಿ ಹಾಕಿ, ಟ್ರಾಲರ್‌ಗಳ ಸಂಖ್ಯೆ ಬೆಳೆಯಲು ಬಿಟ್ಟರೆ ಆಗುವುದೂ ಇದೇ.

ಹೆಣ್ಣು ಎಲ್ಲಿ ಹೋಯಿತು

ಈಗ ಪ್ರಕರಣದ ಅತಿ ಮುಖ್ಯ ಭಾಗ. ಇದನ್ನು ಓದುವವರು ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಲಿ ಅನ್ನುವುದು ನನ್ನ ಆಸೆ.

ಫ್ಲೌಂಡರ್‌ನಲ್ಲಿ ಗಂಡು ಸಣ್ಣದು, ಹೆಣ್ಣು ದೊಡ್ಡದು. ಗಂಡು 12 ಇಂಚು ದಾಟುವುದೇ ಅಪರೂಪ. ಹೆಣ್ಣು 20 ಇಂಚನ್ನೂ ಮೀರಿ ಬೆಳೆಯುತ್ತದೆ. ಈಗ ಕನಿಷ್ಠ ಉದ್ದ 14 ಇಂಚು ಎಂಬ ನಿಯಮವನ್ನು ಇದರ ಪಕ್ಕ ಇಟ್ಟು ನೋಡಿ. 14 ಇಂಚಿನ ಕೆಳಗಿನದನ್ನು ಬಿಡಬೇಕು, ಮೇಲಿನದನ್ನು ಇಟ್ಟುಕೊಳ್ಳಬಹುದು. ಅಂದರೆ ಬಿಟ್ಟದ್ದರಲ್ಲಿ ಗಂಡೆಲ್ಲ ಬಂತು. ಮನೆಗೆ ಹೋದದ್ದು ಹೆಚ್ಚುಕಡಿಮೆ ಹೆಣ್ಣೇ. ಮೀನು ಉಳಿಯಲಿ ಎಂದು ಮಾಡಿದ ನಿಯಮ, ಮೊಟ್ಟೆ ಇಡುವವಳ ಮೇಲೆಯೇ ಪೂರ್ತಿ ಭಾರ ಹಾಕಿತ್ತು.

ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದದ್ದು ನೀರಿನ ಬಿಸಿಯಿಂದ. ಈ ಮೀನಿನ ಮರಿ ಸುಮಾರು 35ರಿಂದ 65 ಮಿಲಿಮೀಟರ್ ಉದ್ದ ಇರುವಾಗ ಅದು ಗಂಡಾಗುತ್ತದೋ ಹೆಣ್ಣಾಗುತ್ತದೋ ಎಂದು ತೀರ್ಮಾನವಾಗುತ್ತದೆ. ಆ ಹೊತ್ತಿನಲ್ಲಿ ನೀರು ಎಷ್ಟು ಬಿಸಿ ಇದೆ ಅನ್ನುವುದು ದೊಡ್ಡ ಪಾತ್ರ ವಹಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು 18, 23, 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆಸಿದರು. 23 ಡಿಗ್ರಿಯಲ್ಲಿ ಗಂಡು, ಹೆಣ್ಣು ಸುಮಾರು ಅರ್ಧರ್ಧ ಬಂದವು. 28 ಡಿಗ್ರಿಯಲ್ಲಿ 100ಕ್ಕೆ 96 ಗಂಡು. 18ರ ತಣ್ಣೀರಿನಲ್ಲೂ ಗಂಡೇ ಜಾಸ್ತಿಯಾಯಿತು. ಹೆಣ್ಣಾಗಬೇಕಿದ್ದ ಮರಿ ಬಿಸಿಗೆ ಗಂಡಾಗಬಹುದು. ಗಂಡಾಗಬೇಕಿದ್ದದ್ದು ಯಾವ ಬಿಸಿಯಲ್ಲೂ ಹೆಣ್ಣಾಗುವುದಿಲ್ಲ. ಹಾಗಾಗಿ ಹೆಣ್ಣಿನ ಪಾಲು ಹೆಚ್ಚೆಂದರೆ ಅರ್ಧ. ಅಲ್ಲಿಂದ ಇಳಿಯಬಹುದೇ ಹೊರತು ಏರಲಾರದು. ಉತ್ತರ ಕ್ಯಾರೊಲಿನಾದ ಕರಾವಳಿಯಲ್ಲಿ ಹಿಡಿದ ಮರಿಗಳ ಮೇಲಿನ ಅಧ್ಯಯನ 2019ರಲ್ಲಿ ಬಂತು. ದಕ್ಷಿಣದ ಬೆಚ್ಚಗಿನ ನೀರಿನ ಕೆಲವು ಜಾಗಗಳಲ್ಲಿ 100ಕ್ಕೆ 94ರವರೆಗೂ ಗಂಡು ಮರಿಗಳಿದ್ದವು.

ಟೆಕ್ಸಾಸ್‌ಗೂ ಇದೇ ಆತಂಕ. ಚಳಿಗಾಲ ಬೆಚ್ಚಗಾದರೆ ಬದುಕಿ ಉಳಿಯುವ ಮರಿಗಳೇ ಕಡಿಮೆ. ಉಳಿದದ್ದರಲ್ಲಿ ಹೆಣ್ಣು ಇನ್ನೂ ಕಡಿಮೆ. ದೊಡ್ಡದಾಗಿ ಬೆಳೆದ ಹೆಣ್ಣು ನಿಯಮದ ಪ್ರಕಾರವೇ ಬುಟ್ಟಿಗೆ ಬೀಳುತ್ತಿತ್ತು. ಅದೂ ಮೊಟ್ಟೆ ಇಡಲು ಹೊರಟ ದಾರಿಯಲ್ಲಿ, ಅಳಿವೆಯ ಬಾಯಲ್ಲಿ. ಕೊಲ್ಲಿಗೆ ಮರಿ ಬರುವುದಾದರೂ ಎಲ್ಲಿಂದ?

2020ರ ತೀರ್ಮಾನ

ಕಮಿಷನ್ ಮುಂದೆ ಇದ್ದ ದಾರಿಗಳು ಹೆಚ್ಚೇನಲ್ಲ. ದಿನದ ಮಿತಿ ಇನ್ನೂ ಇಳಿಸಬಹುದಿತ್ತು. ಅದರ ಶಕ್ತಿ ಎಷ್ಟು ಎಂದು ಹಿಂದೆಯೇ ಗೊತ್ತಾಗಿತ್ತು. ಕನಿಷ್ಠ ಉದ್ದ ಏರಿಸಬಹುದಿತ್ತು. ಒಂದು ಇಂಚು ಏರಿಸಿದರೆ ಹಿಡಿತದ ಭಾರ ಹೆಣ್ಣಿನ ಮೇಲಿಂದ ಇಳಿಯುವುದಿಲ್ಲ, ನಿಜ. ಆದರೆ ಇನ್ನಷ್ಟು ಹೆಣ್ಣು ಮೀನುಗಳಿಗೆ ಒಂದು ಸಲವಾದರೂ ಮೊಟ್ಟೆ ಇಡುವ ಅವಕಾಶ ಸಿಗುತ್ತದೆ. ಹೆಣ್ಣು ಫ್ಲೌಂಡರ್ ಎರಡು ವರ್ಷದ ಹೊತ್ತಿಗೆ ಮೊಟ್ಟೆಗೆ ತಯಾರಾಗುತ್ತದೆ, ಉದ್ದದ ಮಿತಿ ಅದಕ್ಕೂ ಸ್ವಲ್ಪ ಮುಂದೆ ಇರಬೇಕು. 15 ಇಂಚು ಎಂದರೆ ಸುಮಾರು 38 ಸೆಂಟಿಮೀಟರ್.

ಮೂರನೆಯದು, ಹೊರಡುವ ಕಾಲವನ್ನೇ ಪೂರ್ತಿ ಮುಚ್ಚುವುದು. ಗಾಳವೂ ಇಲ್ಲ, ಈಟಿಯೂ ಇಲ್ಲ, ಮಾರುವವರಿಗೂ ಇಲ್ಲ, ಹವ್ಯಾಸದವರಿಗೂ ಇಲ್ಲ. ಇದು ಬಹಳ ನೋಯಿಸುವ ನಿಯಮ. ಈಟಿ ಹಿಡಿದು ಬದುಕುವವನಿಗೆ ನವೆಂಬರ್ 2009ರಿಂದಲೇ ಮುಚ್ಚಿತ್ತು, ಈಗ ಡಿಸೆಂಬರ್‌ನ ಮೊದಲ ಎರಡು ವಾರವೂ ಹೋಯಿತು. ರಾತ್ರಿ ಜನರನ್ನು ದೋಣಿಯಲ್ಲಿ ಕರೆದೊಯ್ದು ಮೀನು ತೋರಿಸುವ ಗೈಡ್‌ಗಳಿಗೂ ಅಷ್ಟೇ. ಅಜ್ಜನ ಕಾಲದಿಂದ ನವೆಂಬರ್‌ನಲ್ಲಿ ಅಳಿವೆಗೆ ಹೋಗುತ್ತಿದ್ದ ಮನೆಗಳಿಗೆ ಅದು ಹಬ್ಬ ತಪ್ಪಿದ ಹಾಗೆ. ಅವರ ನೋವು ಸಣ್ಣದೆಂದು ನಾನು ಹೇಳಲಾರೆ. ಆದರೂ ಮೂರರಲ್ಲಿ ಮೀನಿನ ಬದುಕಿಗೆ ನೇರವಾಗಿ ತಾಗುವುದು ಇದೊಂದೇ. ಹೆಣ್ಣು ಎಲ್ಲಿ, ಯಾವಾಗ ಸಿಕ್ಕಿಬೀಳುತ್ತಾಳೋ ಅಲ್ಲೇ, ಆಗಲೇ ಕೈ ತೆಗೆಯುವುದು. ಜಾರಿ ಮಾಡುವವನಿಗೂ ಸುಲಭ. ಎಷ್ಟು ಮೀನು, ಯಾವುದರಿಂದ ಹಿಡಿದದ್ದು ಎಂದು ವಾದವಿಲ್ಲ. ಆ 44 ದಿನದಲ್ಲಿ ಪೆಟ್ಟಿಗೆಯಲ್ಲಿ ಫ್ಲೌಂಡರ್ ಇದ್ದರೆ ತಪ್ಪು, ಅಷ್ಟೇ.

ಕಮಿಷನ್ ಕೊನೆಯ ಎರಡನ್ನೂ ಒಪ್ಪಿತು, ನಿಷೇಧವನ್ನು ಮಾತ್ರ ಒಂದು ವರ್ಷ ಮುಂದೆ ಹಾಕಿತು. ಮೀನಿನ ದೃಷ್ಟಿಯಿಂದ ಆ ಒಂದು ಚಳಿಗಾಲ ಕಳೆದುಕೊಂಡದ್ದೇ. ಹೊಟ್ಟೆಪಾಡಿನ ದೃಷ್ಟಿಯಿಂದ, ಬರುವ ವರ್ಷ ಏನು ಮಾಡಬೇಕು ಎಂದು ಯೋಚಿಸಲು ಸಿಕ್ಕ ಸಮಯ. ನನಗೆ ಈ ವಿಳಂಬ ತಪ್ಪೆಂದು ಅನ್ನಿಸುವುದಿಲ್ಲ. ರಾತ್ರೋರಾತ್ರಿ ಬಂದ ನಿಯಮಕ್ಕೆ ಜನ ಕದ್ದು ಉತ್ತರ ಕೊಡುತ್ತಾರೆ. ಮುಂಚೆ ಹೇಳಿ ತಂದ ನಿಯಮಕ್ಕೆ ಬೈದುಕೊಂಡಾದರೂ ಹೊಂದಿಕೊಳ್ಳುತ್ತಾರೆ.

ಟೆಕ್ಸಾಸ್ ಒಂಟಿಯಾಗಿರಲಿಲ್ಲ. ಅಲಬಾಮಾ 2019ರಲ್ಲೇ ನವೆಂಬರ್ ತಿಂಗಳನ್ನು ಮುಚ್ಚಿತ್ತು. ಫ್ಲೋರಿಡಾ 2021ರಿಂದ, ಲೂಸಿಯಾನಾ 2022ರಿಂದ ಅಕ್ಟೋಬರ್ 15ರಿಂದ ನವೆಂಬರ್ 30ರವರೆಗೆ ನಿಲ್ಲಿಸಿದವು. ದಿನಾಂಕಗಳು ಒಂದೇ ಅಲ್ಲ ನೋಡಿ. ಪ್ರತಿ ರಾಜ್ಯವೂ ತನ್ನ ಕರಾವಳಿಯಲ್ಲಿ ಮೀನು ಯಾವಾಗ ಹೊರಡುತ್ತದೆ ಎಂದು ನೋಡಿಕೊಂಡು ಬೀಗ ಹಾಕಿದೆ.

ನೀರಿನ ಬಿಸಿಯನ್ನು ಮಾತ್ರ ಯಾವ ಕಮಿಷನ್ ಇಳಿಸಲಾರದು. ಟೆಕ್ಸಾಸ್ ತನ್ನ ಮರಿ ಸಾಕುವ ಕೇಂದ್ರಗಳಲ್ಲಿ ಫ್ಲೌಂಡರ್ ಬೆಳೆಸಿ ಕೊಲ್ಲಿಗೆ ಬಿಡುವ ಕೆಲಸಕ್ಕೂ ಕೈ ಹಾಕಿದೆ. ಅಲ್ಲೂ ನೀರಿನ ಬಿಸಿಯನ್ನು ಹದದಲ್ಲಿ ಇಡದಿದ್ದರೆ ಬರೀ ಗಂಡು ಮರಿ ಬಿಟ್ಟ ಹಾಗಾಗುತ್ತದೆ. ನಿಯಮ ಮಾಡಬಹುದಾದದ್ದು ಇಷ್ಟೇ: ಕಷ್ಟದಲ್ಲಿರುವ ಮೀನಿನ ಮೇಲೆ ನಮ್ಮ ಕೈಯ ಭಾರವನ್ನಾದರೂ ಇಳಿಸುವುದು.

ಇದನ್ನು ಗೋವಾಕ್ಕೆ ತಂದರೆ

ನೇರವಾಗಿ ತರಲು ಆಗುವುದಿಲ್ಲ. ಮೊದಲ ಕಾರಣ, ಹಿಡಿಯುವ ರೀತಿ. ಟೆಕ್ಸಾಸ್‌ನಲ್ಲಿ ಗಾಳಕ್ಕೆ ಬಿದ್ದ ಮೀನನ್ನು ಅಳೆದು, ಸಣ್ಣದಾದರೆ ಜೀವಂತ ಬಿಡಬಹುದು. ನಮ್ಮ ಟ್ರಾಲರ್ ಡೆಕ್ ನೋಡಿದವರಿಗೆ ಗೊತ್ತು. ಬಲೆಯ ಚೀಲದ ಗಂಟು ಬಿಚ್ಚಿದ ಕೂಡಲೇ ಸಿಗಡಿ, ಏಡಿ, ಬೊಂಡಾಸ, ಕೆಸರು, ಚಿಪ್ಪು ಎಲ್ಲ ಒಟ್ಟಿಗೆ ಸುರಿಯುತ್ತದೆ. ನಂಗು ರಾಶಿಯ ಅಡಿಗೆ ಅಂಟಿಕೊಂಡಿರುತ್ತದೆ. ಕಿವಿರಿನಲ್ಲಿ ಕೆಸರು ತುಂಬಿ, ಮೇಲಿನ ಭಾರಕ್ಕೆ ಸಿಕ್ಕಿ, ಆರಿಸುವ ಹೊತ್ತಿಗೆ ಸತ್ತಿರುತ್ತದೆ. ಸಣ್ಣದನ್ನು ವಾಪಸ್ ಎಸೆದರೆ ಹಕ್ಕಿಗೆ ಊಟ. ಇಟ್ಟುಕೊಂಡರೆ ಮೀನುಹುಡಿ ಕಾರ್ಖಾನೆಗೆ. ಕೇರಳ 2015ರಿಂದ ಕನಿಷ್ಠ ಉದ್ದದ ನಿಯಮ ತಂದಿದೆ, ಅಲ್ಲಿ ಈ ನಂಗಿನ ಮಿತಿ 9 ಸೆಂಟಿಮೀಟರ್. ಮಹಾರಾಷ್ಟ್ರ 2023ರಲ್ಲಿ 54 ಜಾತಿಗಳಿಗೆ ಕನಿಷ್ಠ ಉದ್ದ ಗೊತ್ತು ಮಾಡಿತು. ಇವು ಒಳ್ಳೆಯ ಹೆಜ್ಜೆಗಳೇ. ಮಾರ್ಕೆಟ್‌ನಲ್ಲಿ ಸಣ್ಣ ಮೀನಿಗೆ ಬೆಲೆ ಇಲ್ಲದಂತೆ ಮಾಡಿದರೆ ಹಿಡಿಯುವ ಆಸೆಯೂ ಇಳಿಯುತ್ತದೆ. ಆದರೆ ಟ್ರಾಲರ್‌ನಲ್ಲಿ ಸಣ್ಣ ಮೀನು ಉಳಿಯಬೇಕಾದದ್ದು ಡೆಕ್ ಮೇಲಲ್ಲ, ನೀರಿನ ಒಳಗೆ, ಬಲೆಯ ಕಣ್ಣಿನಿಂದ ಹೊರಗೆ ಜಾರಿ.

ಗೋವಾದ ನಿಯಮದಲ್ಲಿ ಬಲೆಯ ಕಣ್ಣು ಸಿಗಡಿಗೆ 20 ಮಿಲಿಮೀಟರ್, ಮೀನಿಗೆ 24 ಮಿಲಿಮೀಟರ್. ಇಲ್ಲಿ ಚಪ್ಪಟೆ ಮೀನಿನ ಒಂದು ವಿಶೇಷ ಗಮನಿಸಬೇಕು. ಎಳೆಯುವಾಗ ವಜ್ರಾಕಾರದ ಕಣ್ಣು ಬಿಗಿದು ಸೀಳಿನಂತೆ ಕಿರಿದಾಗುತ್ತದೆ. ದುಂಡು ಮೈಯ ಮೀನಿಗೆ ಅದರಲ್ಲಿ ದಾರಿ ಇಲ್ಲ. ಅದಕ್ಕೇ ಚೌಕ ಕಣ್ಣಿನ ಬಲೆ ಒಳ್ಳೆಯದು ಅನ್ನುತ್ತಾರೆ, ಕೇರಳದಲ್ಲಿ ಮೀನಿನ ಬಲೆಗೆ 35 ಮಿಲಿಮೀಟರ್ ಚೌಕ ಕಣ್ಣನ್ನು ಗೊತ್ತು ಮಾಡಿದ್ದಾರೆ. ಆದರೆ ತೆಳ್ಳಗೆ ಅಗಲವಾಗಿರುವ ಚಪ್ಪಟೆ ಮೀನು ಸೀಳಿನಂಥ ಕಣ್ಣಿನಿಂದಲೇ ಸುಲಭವಾಗಿ ನುಸುಳುತ್ತದೆ. ಬಂಗುಡೆ ಉಳಿಸುವ ಬಲೆ ನಂಗನ್ನೂ ಅಷ್ಟೇ ಚೆನ್ನಾಗಿ ಉಳಿಸುತ್ತದೆ ಎಂದು ಲೆಕ್ಕ ಹಾಕಬಾರದು. ನಂಗಿಗೆ ಕಣ್ಣಿನ ಅಳತೆ ಬೇರೆಯಾಗಿಯೇ ನೋಡಬೇಕು.

ಎರಡನೆಯದು, ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. 2015ಕ್ಕೆ ಮುಂಚೆ ಅದು 47 ದಿನ ಇತ್ತು. ಈ ನಿಷೇಧದಿಂದ ಅನೇಕ ಮೀನುಗಳಿಗೆ ಉಪಕಾರವಾಗಿದೆ. ನಂಗಿನ ಕಥೆ ಬೇರೆ. 1950ರ ದಶಕದ ಸುಮಾರಿಗೆ ಮೀನು ವಿಜ್ಞಾನಿಗಳಾದ ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಕಲ್ಲಿಕೋಟೆಯಲ್ಲಿ ಕೂತು ಮಲಬಾರ್ ಸೋಲ್ ಎಂಬ ನಂಗಿನ ಬದುಕನ್ನು ಹುರುಪೆ ಹುರುಪೆಯಾಗಿ ಓದಿದರು. ಮಳೆಗಾಲದಲ್ಲಿ ಬೆಳವಣಿಗೆ ನಿಂತ ಗುರುತು ಅದರ ಹುರುಪೆಯ ಮೇಲೆ ಉಂಗುರವಾಗಿ ಉಳಿಯುತ್ತದೆ ಎಂದು ತೋರಿಸಿದರು. ಮಳೆಗಾಲದ ಕೊನೆಗೆ ಈ ಮೀನು ದಡದ ಹತ್ತಿರ ಗುಂಪಾಗಿ ಬರುತ್ತದೆ. ಮೊಟ್ಟೆ ಇಡುವುದು ಅದರ ನಂತರದ ತಿಂಗಳುಗಳಲ್ಲಿ. ಅಂದರೆ ಟ್ರಾಲರ್‌ಗಳು ಹೊರಡುವ ಹೊತ್ತಿಗೂ ನಂಗು ಒಟ್ಟಾಗುವ ಹೊತ್ತಿಗೂ ಹೆಚ್ಚು ಅಂತರವಿಲ್ಲ. ಟೆಕ್ಸಾಸ್‌ನ ಅಳಿವೆಯಲ್ಲಿ ನಡೆಯುತ್ತಿದ್ದದ್ದೇ ನಮ್ಮಲ್ಲಿ ಬೇರೆ ರೂಪದಲ್ಲಿ ನಡೆಯುತ್ತಿದೆ, ಅಲ್ವಾ? ನಿಷೇಧದ ಪಂಚಾಂಗ ಮಳೆಯದ್ದು, ನಂಗಿನದ್ದಲ್ಲ.

ಹಾಗೆಂದು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಇಡೀ ಸಮುದ್ರ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಎರಡು ತಿಂಗಳು ಸಂಬಳವಿಲ್ಲದೆ ಊರಿಗೆ ಹೋಗಿ ಬಂದ ಕೆಲಸಗಾರ ಮತ್ತೆ ಖಾಲಿ ಕೂರಲಾರ. ಬೇಕಾದದ್ದು ಸಣ್ಣ ಜಾಗಕ್ಕೆ, ಸಣ್ಣ ಕಾಲಕ್ಕೆ, ತಳ ಕೆರೆಯುವ ಬಲೆಗೆ ಮಾತ್ರ ಹಾಕುವ ತಡೆ. ಇದಕ್ಕೆ ಹೊಸ ಕಾನೂನೂ ಬೇಡ. ಗೋವಾದ ಸಾಗರ ಮೀನುಗಾರಿಕೆ ನಿಯಂತ್ರಣ ಕಾನೂನು 1980ರದ್ದು. ಯಾವ ಜಾತಿಯ ಮೀನನ್ನು, ಯಾವ ಪ್ರದೇಶದಲ್ಲಿ, ಎಷ್ಟು ಕಾಲ ಹಿಡಿಯಬಾರದು ಎಂದು ಅಧಿಸೂಚನೆ ಹೊರಡಿಸುವ ಅಧಿಕಾರ ಅದರಲ್ಲೇ ಸರ್ಕಾರಕ್ಕಿದೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ವಿಷಯ. ಆ ಕಾನೂನು ಸುಮ್ನೆ ಬಂದದ್ದಲ್ಲ. 1970ರ ದಶಕದಲ್ಲಿ ಟ್ರಾಲರ್‌ಗಳು ದಡದವರೆಗೆ ಬಂದು ಗುಡಿಸಿಕೊಂಡು ಹೋದಾಗ, ರಂಪಣಿ ಬಲೆ ಎಳೆಯುವ ರಾಂಪೋಣಕಾರರು ಮಟಾನಿ ಸಲ್ಡಾನಾ ಅಂಥ ಹೋರಾಟಗಾರರ ಜೊತೆ ಬೀದಿಗಿಳಿದರು. ದಡದಿಂದ 5 ಕಿಲೋಮೀಟರ್ ಒಳಗೆ ಟ್ರಾಲರ್ ಬರಬಾರದು ಎಂಬ ಗೆರೆ ಆ ಹೋರಾಟದ ಫಲ. ಮಳೆಗಾಲದ ನಂತರ ನಂಗು ದಡದ ಹತ್ತಿರ ಸೇರುವುದರಿಂದ, ಈ 5 ಕಿಲೋಮೀಟರ್ ಗೆರೆಯನ್ನು ಆ ತಿಂಗಳುಗಳಲ್ಲಿ ಕಟ್ಟುನಿಟ್ಟಾಗಿ ಕಾದರೆ ಅರ್ಧ ಕೆಲಸ ಆದ ಹಾಗೆ. ಇರುವ ನಿಯಮ ಕಾಯದೆ ಹೊಸ ನಿಯಮ ಬರೆದರೆ ಯಾರು ನಂಬುತ್ತಾರೆ?

ಟೆಕ್ಸಾಸ್‌ಗಿಂತ ನಾವು ನಿಜವಾಗಿ ಹಿಂದೆ ಇರುವುದು ಲೆಕ್ಕದಲ್ಲಿ. ಲೆಪೊ ಎಂದು ಒಂದೇ ಬುಟ್ಟಿಯಲ್ಲಿ ಬರುವುದು ಒಂದೇ ಜಾತಿ ಅಲ್ಲ. ಗೋವಾದ ನೀರಿನಲ್ಲಿ ಯಾವುದು ಯಾವ ವಾರ ಮೊಟ್ಟೆ ತುಂಬಿಕೊಂಡಿರುತ್ತದೆ ಎಂದು ಜೆಟ್ಟಿಯಲ್ಲಿ ನಿಂತು ನೋಡಬೇಕು. ಇದನ್ನು ನಾವೇ ಶುರು ಮಾಡಬಹುದು. ದೋಣಿ ನಡೆಸುವ ತಾಂಡೇಲರ ಹತ್ತಿರ ಒಂದು ನೋಟ್‌ಬುಕ್, ಒಂದು ಸ್ಕೇಲ್ ಇದ್ದರೆ ಸಾಕು. ದಿನಾಂಕ, ಬಲೆ ಹಾಕಿದ ಜಾಗ, ಆಳ, ರಾಶಿಯಿಂದ ಕಣ್ಣು ಮುಚ್ಚಿ ತೆಗೆದ ಒಂದು ಬೊಗಸೆ ನಂಗಿನ ಉದ್ದ, ಹೊಟ್ಟೆ ಒತ್ತಿದರೆ ಮೊಟ್ಟೆ ಇದೆಯೋ ಇಲ್ಲವೋ. ದೊಡ್ಡದನ್ನೇ ಆರಿಸಿ ಅಳೆದರೆ ಲೆಕ್ಕ ಕೆಡುತ್ತದೆ. ಜಾತಿ ಗುರುತಿಸಲು ಮೊಬೈಲ್‌ನಲ್ಲಿ ಎರಡೂ ಬದಿಯ ಫೋಟೋ. ಈ ಪುಟಗಳನ್ನು ಪಣಜಿಯ ಮೀನುಗಾರಿಕೆ ಇಲಾಖೆಗೆ ಕೊಡಬಹುದು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಊರಿಗೆ ಹೋದಾಗ ಅಲ್ಲಿಗೂ ಒಂದು ಪ್ರತಿ ಒಯ್ದು ಕೊಡಬಹುದು, ಕನ್ನಡದಲ್ಲೇ ಮಾತಾಡಿ ಬರಬಹುದು. ನಿಷೇಧ ಮುಗಿದು ದೋಣಿಗಳು ನೀರಿಗಿಳಿಯುವುದು ಆಗಸ್ಟ್ 1ಕ್ಕೆ. ಮೊದಲ ಪುಟ ಅವತ್ತೇ ಶುರುವಾಗಲಿ.